ಅವ್ವನಿಗೆ ಬರೆದ ಅರ್ಜಿ

ನಮ್ಮ ಮನೆಯಲ್ಲಿ ಅವ್ವನನ್ನು ಯಾರೂ ನೇರವಾಗಿ ಏನನ್ನೂ ಕೇಳುತ್ತಿರಲಿಲ್ಲ. ಅವ್ವ ಎಂದರೆ ನಮ್ಮಪ್ಪನ ತಾಯಿ. ತಾತ ಹೋದ ಮೇಲೆ ಮನೆ, ಹೊಲ, ಮಾವಿನ ತೋಪು, ರಾಗಿ ತುಂಬಿದ ವಾಡೆ ಎಲ್ಲದರ ಬೀಗದ ಕೈ ಅವಳ ಸೊಂಟಕ್ಕೆ ಬಂದಿತ್ತು. ಅವಳು ಗದರುವವಳಲ್ಲ, ಕೈ ಎತ್ತುವವಳಂತೂ ಅಲ್ಲವೇ ಅಲ್ಲ. ಆದರೆ ಯಾರಾದರೂ ಏನನ್ನಾದರೂ ಕೇಳಿದರೆ ಅವರ ಮುಖವನ್ನೇ ಬಹಳ ಹೊತ್ತು ನೋಡುತ್ತಿದ್ದಳು. ಆ ನೋಟದ ಎದುರು ನಿಂತವರಿಗೆ ತಾವು ಕೇಳಿದ್ದು ನಿಜವಾಗಿಯೂ ಬೇಕಿತ್ತೇ ಎಂದು ತಮಗೇ ಅನುಮಾನ ಹುಟ್ಟಿ, ಹೋಗಲಿ ಬಿಡು ಎಂದು ಹಿಂದೆ ಸರಿಯುತ್ತಿದ್ದರು. ಹಾಗಾಗಿ ಮನೆಯ ಒಬ್ಬೊಬ್ಬರೂ ಒಂದೊಂದು ಅಡ್ಡದಾರಿ ಕಂಡುಕೊಂಡಿದ್ದರು. ಅಪ್ಪ ಎತ್ತಿನ ಜೊತೆ ಮಾತಾಡುತ್ತಿದ್ದ. ಅವ್ವ ಜಗಲಿಯ ಮೇಲೆ ಎಲೆಅಡಿಕೆ ಹಾಕಿಕೊಳ್ಳುತ್ತ ಕೂತಿರುವ ಹೊತ್ತು ನೋಡಿ, ಎತ್ತಿನ ಗಂಗೆದೊಗಲು ತುರಿಸುತ್ತ, ನೊಗ ಸೀಳು ಬಿಟ್ಟಿದೆ ಕಣೋ, ಹೊಸದು ಮಾಡಿಸದೆ ಇದ್ದರೆ ನಿನ್ನ ಕತ್ತೇ ಹೋಗುತ್ತೆ ಎಂದು ಅದಕ್ಕೆ ಹೇಳುತ್ತಿದ್ದ. ಚಿಕ್ಕಪ್ಪ ಪಡಸಾಲೆಯ ಕಲ್ಲುಕಂಬಕ್ಕೆ ಒರಗಿ ಗಾಳಿಗೆ ಹೇಳುತ್ತಿದ್ದ. ಅಮ್ಮ ನನ್ನನ್ನು ಕಳಿಸುತ್ತಿದ್ದಳು. ಎಣ್ಣೆ ಮುಗಿದಿದೆಯಂತೆ, ಹುಣಸೆಹಣ್ಣು ತೆಗೆದುಕೊಡಬೇಕಂತೆ, ಅಮ್ಮನಿಗೆ ಮೈ ಬಿಸಿಯಂತೆ. ನನ್ನ ಬಾಲ್ಯದ ಮಾತುಗಳಲ್ಲಿ ಅರ್ಧಕ್ಕರ್ಧ ಈ 'ಅಂತೆ'ಗಳೇ.

ನಮ್ಮೂರು ರಾಯಲ್ಪಾಡಿನ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡಂತೆ ಇತ್ತು. ಮನೆಗೆ ಕಲ್ಲು ಚಪ್ಪಡಿಯ ಸೂರು. ಬೇಸಿಗೆಯಲ್ಲಿ ಆ ಚಪ್ಪಡಿಗಳು ಹಗಲೆಲ್ಲ ಕುಡಿದ ಬಿಸಿಲನ್ನು ಸಂಜೆಯ ಮೇಲೆ ನಿಧಾನವಾಗಿ ನಮ್ಮ ಮೇಲೆ ಸುರಿಯುತ್ತಿದ್ದವು. ಮುಂದೆ ಜಗಲಿ, ಅದು ದಾಟಿದರೆ ಪಡಸಾಲೆ, ಅಲ್ಲಿ ಅವ್ವನ ಹಗ್ಗದ ಮಂಚ. ಅದರಾಚೆ ನಡುಮನೆ. ನಡುಮನೆಯ ಒಂದು ಮೂಲೆಯಲ್ಲಿ ವಾಡೆ, ಇನ್ನೊಂದು ಮೂಲೆಯಲ್ಲಿ ಅಮ್ಮನೂ ನಾನೂ ಚಾಪೆ ಹಾಸಿಕೊಳ್ಳುವ ಜಾಗ. ಮಾವಿನ ಕಾಲದಲ್ಲಿ ಮಿಕ್ಕ ನೆಲವನ್ನೆಲ್ಲ ಹುಲ್ಲು ಹಾಸಿ ಕಾಯಿ ಹರಡಿಬಿಡುತ್ತಿದ್ದರು. ಮೊದಲ ಹಣ್ಣು ಅವ್ವನ ಕೈಯಿಂದಲೇ ಹೋಳಾಗಿ ಹಿರಿಯರ ಮುಂದೆ ಎಡೆಯಾಗುವವರೆಗೆ ಯಾರೂ ಬಾಯಿಗಿಡುವ ಹಾಗಿರಲಿಲ್ಲ. ಅಷ್ಟು ದಿನ ಆ ವಾಸನೆಯ ಮಧ್ಯೆ ಸುಮ್ಮನೆ ಮಲಗಿ ಏಳುವುದೇ ನಮಗೊಂದು ವ್ರತ. ಇವತ್ತಿಗೂ ಪೇಟೆಯಲ್ಲಿ ಮಾವಿನ ಬುಟ್ಟಿಗಳ ಪಕ್ಕ ಹಾದುಹೋದರೆ ನನಗೆ ಮೊದಲು ನೆನಪಾಗುವುದು ಹಣ್ಣಿನ ರುಚಿಯಲ್ಲ, ಅಮ್ಮನ ತೋಳಿನ ಮೇಲೆ ತಲೆಯಿಟ್ಟಾಗ ಕಿವಿಗೆ ಒತ್ತುತ್ತಿದ್ದ ಅವಳ ಗಾಜಿನ ಬಳೆ.

ಅಮ್ಮ ಕೋಲಾರದ ಹತ್ತಿರ ಹುತ್ತೂರಿನ ಕಡೆಯವಳು. ತವರಿನಲ್ಲಿ ಹಿಪ್ಪುನೇರಳೆ, ರೇಷ್ಮೆಹುಳ. ಇಲ್ಲಿ ಮಾವು, ಟೊಮ್ಯಾಟೊ. ಅಲ್ಲಿ ಮನೆಯೆಲ್ಲ ಕನ್ನಡ, ಇಲ್ಲಿ ಮನೆಯೆಲ್ಲ ತೆಲುಗು. ಅಪ್ಪನಿಗೂ ಚಿಕ್ಕಪ್ಪನಿಗೂ ಎರಡೂ ಸಲೀಸು. ಅವ್ವನ ಬಾಯಲ್ಲಿ ಎರಡೂ ಕಲಸಿಕೊಂಡು ಬರುತ್ತಿದ್ದವು. ಸೊಸೆಗೆ ಅರ್ಥವಾಗಲೆಂದು ಅವಳು ಕನ್ನಡ ಸೇರಿಸುತ್ತಿದ್ದಳು, ಅಷ್ಟೇ. ಅಮ್ಮನ ತೆಲುಗು ಮಾತ್ರ ಕೊನೆಯವರೆಗೂ ಕಾಲು ಎಡವುತ್ತಲೇ ಇತ್ತು. ತಪ್ಪು ಮಾತಾಡಿ ನಗೆಪಾಟಲಾಗುವುದಕ್ಕಿಂತ ಮಾತೇ ಆಡದೆ ಇರುವುದನ್ನು ಅವಳು ರೂಢಿ ಮಾಡಿಕೊಂಡಿದ್ದಳು. ಮುದ್ದೆ ಕಟ್ಟುವಾಗ, ಬಸ್ಸಾರಿಗೆ ಒಗ್ಗರಣೆ ಹಾಕುವಾಗ, ಹಿತ್ತಲಲ್ಲಿ ಪಾತ್ರೆ ಉಜ್ಜುವಾಗ ತನ್ನಷ್ಟಕ್ಕೆ ಏನೋ ಗುನುಗುತ್ತಿದ್ದಳು. ಕಿವಿಗೊಟ್ಟು ಕೇಳಿದರೆ ಅದು ಹಾಡಲ್ಲ, ತಾನು ಶಾಲೆಯಲ್ಲಿ ಬಾಯಿಪಾಠ ಮಾಡಿದ ಮಗ್ಗಿಯೋ ಊರುಗಳ ಹೆಸರೋ ಆಗಿರುತ್ತಿತ್ತು. ಏಳನೇ ತರಗತಿಗೆ ಅವಳ ಶಾಲೆ ಮುಗಿದಿತ್ತು. ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗೆ.

ಆ ಅಕ್ಷರ ನಮ್ಮೂರಿನ ಕೆಲಸಕ್ಕೆ ಬಂದಿದ್ದು ಚಿಕ್ಕಪ್ಪನಿಂದ. ಊರಿನಲ್ಲಿ ಯಾರಿಗೇ ಅರ್ಜಿ ಬೇಕಾದರೂ ಅವನೇ ಬರೆಯುತ್ತಿದ್ದುದು. ಕರೆಂಟು ಕಂಬಕ್ಕೆ, ಬೋರ್‌ವೆಲ್ಲಿಗೆ, ಮೇಷ್ಟ್ರ ವರ್ಗಾವಣೆ ತಡೆಯುವುದಕ್ಕೆ. ಒಂದು ಬೇಸಿಗೆಯಲ್ಲಿ ಅವನು ಮಾವಿನ ಮರದಿಂದ ಬಿದ್ದು ಬಲಗೈ ಮುರಿದುಕೊಂಡ. ನಾಟಿ ವೈದ್ಯರು ಬಿದಿರ ಸೀಳು ಕಟ್ಟಿ, ಕೈ ಅಲುಗಿಸಬೇಡ ಎಂದು ಹೇಳಿ ಹೋದರು. ಅದೇ ಹೊತ್ತಿಗೆ ಊರಿಗೊಂದು ಬಸ್ಸು ಬೇಕೆಂದು ಅರ್ಜಿ ಹೋಗಬೇಕಿತ್ತು. ಚಿಕ್ಕಪ್ಪ ಕಂಬಕ್ಕೆ ಒರಗಿ ಅಮ್ಮನಿಗೆ ಹೇಳುತ್ತ ಹೋದ, ಅಮ್ಮ ನನ್ನ ಸ್ಲೇಟಿನ ಬೆನ್ನಿನ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತ ಹೋದಳು. ಕಡೆಯ ಸಾಲಿಗೆ ಬಂದಾಗ ಅವನು ಇಂಗ್ಲಿಷಿಗೆ ಹೊರಳಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದ: ಕೈಂಡ್ಲಿ ಡೂ ದಿ ನೀಡ್‌ಫುಲ್.

"ಇದ್ಯಾಕೆ ರಮಣ, ಎಲ್ಲಾ ಕನ್ನಡ, ಇದೊಂದು ಇಂಗ್ಲಿಷು?" ಅಮ್ಮ ಕೇಳಿದಳು.

"ಇದಿಲ್ದೆ ಇದ್ರೆ ಅರ್ಜಿ ಅರ್ಜಿನೇ ಅಲ್ಲ ಅತ್ತಿಗೆ. ಆಫೀಸ್ನೋರು ಮೊದ್ಲು ನೋಡೋದೇ ಕೊನೇ ಸಾಲು."

"ಹಂಗಂದ್ರೇನು?"

"ಏನ್ ಮಾಡ್ಬೇಕೋ ಅದನ್ನ ಸರಿಯಾಗಿ ಮಾಡಿ ಸ್ವಾಮಿ, ಅಂತ."

"ಏನ್ ಮಾಡ್ಬೇಕು ಅಂತ ಅವರಿಗೆ ಹೆಂಗ್ ಗೊತ್ತಾಗುತ್ತೆ?"

"ಅಯ್ಯೋ, ಗೊತ್ತಾಗುತ್ತೆ. ಅದಕ್ಕೇ ಅಲ್ವಾ ಅವರನ್ನ ಆಫೀಸರ್ ಮಾಡಿರೋದು!"

ಬಸ್ಸು ಬಂತು. ಆ ಅರ್ಜಿಯಿಂದಲೇ ಬಂತೋ, ಅದು ಹೇಗೂ ಬರುವುದಿತ್ತೋ ನನಗೆ ಗೊತ್ತಿಲ್ಲ. ಆದರೆ ಕೆಂಪು ಬಸ್ಸು ಧೂಳೆಬ್ಬಿಸಿಕೊಂಡು ಬಂದು ಆಲದ ಮರದ ಕೆಳಗೆ ನಿಂತ ದಿನ ಚಿಕ್ಕಪ್ಪ ಡ್ರೈವರಿಗೆ ಹಾರ ಹಾಕಿ ಮನೆಗೆ ಓಡಿಬಂದು, ಅತ್ತಿಗೆ, ನಿಮ್ಮ ಕೈಬರಹ ಬಂದು ನಿಂತಿದೆ ನೋಡಿ ಎಂದು ಕೂಗಿದ್ದು ಚೆನ್ನಾಗಿ ನೆನಪಿದೆ. ಅಮ್ಮ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಬಾಗಿಲವರೆಗೆ ಬಂದಳು. ಅವಳು ಹಾಗೆ ಬಾಯ್ತುಂಬ ನಕ್ಕಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಅವತ್ತಿನಿಂದ ಆ ಮಾತು ನಮ್ಮ ಮನೆಯ ಮಾತಾಯಿತು. ಎತ್ತು ಏರಿಯಲ್ಲಿ ನಿಂತುಬಿಟ್ಟರೆ ಅಪ್ಪ, ನೀಡುಫುಲ್ ಮಾಡೋ ತಂದೆ ಎಂದು ಬಾಲ ಮುಟ್ಟುತ್ತಿದ್ದ. ನಾನು ಕರುವಿಗೆ, ಕೋಳಿಗೆ, ಮುಚ್ಚದ ಬಾಗಿಲಿಗೆ ಎಲ್ಲದಕ್ಕೂ ಹೇಳುತ್ತಿದ್ದೆ. ಎಲ್ಲರಿಗಿಂತ ತಮಾಷೆಯೆಂದರೆ ಅವ್ವ. ಅಮ್ಮನ ಬಾಯಿಂದ ಮೊದಲು ಕೇಳಿದ್ದರಿಂದ ಅದು ಹುತ್ತೂರಿನ ಕಡೆಯ ಕನ್ನಡ ಎಂದೇ ಅವಳು ತಿಳಿದಿದ್ದಳು. ಒಮ್ಮೆ ನೆಂಟರ ಮುಂದೆ, ಮಾ ಕೋಡಲು ಊರಲ್ಲಿ, ನಮ್ಮ ಸೊಸೆ ಊರಲ್ಲಿ, ಹಂಗೇ ಅಂತಾರೆ, ನೀಡುಫುಲ್ಲು ಎಂದು ಹೆಮ್ಮೆಯಿಂದ ವಿವರಿಸಿದಳು. ಅವಳನ್ನು ತಿದ್ದುವ ಧೈರ್ಯ ಯಾರಿಗೂ ಆಗಲಿಲ್ಲ.

ನನ್ನ ಏಳನೇ ತರಗತಿ ಮುಗಿಯುತ್ತ ಬಂದಿತ್ತು. ನಮ್ಮೂರ ಶಾಲೆ ಅಲ್ಲಿಗೆ ನಿಲ್ಲುತ್ತಿತ್ತು. ಹೈಸ್ಕೂಲಿಗೆ ಶ್ರೀನಿವಾಸಪುರಕ್ಕೆ ಹೋಗಬೇಕು. ನಮ್ಮ ಬೀದಿಯ ಹೆಣ್ಣುಮಕ್ಕಳಲ್ಲಿ ಯಾರೂ ಹೋದವರಿರಲಿಲ್ಲ. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದೆವು. ಅವರೆಕಾಳಿನ ಸಾರು, ಟೊಮ್ಯಾಟೊ ಗೊಜ್ಜು. ಅವ್ವ ಮುದ್ದೆ ಮುರಿಯುತ್ತ, ಯಾರ ಕಡೆಗೂ ನೋಡದೆ, ಮಳೆ ಬರುವ ಹಾಗಿದೆ ಎನ್ನುವಷ್ಟು ಸಹಜವಾಗಿ ಹೇಳಿದಳು:

"ಪಿಲ್ಲ ಏಳು ಓದಿದ್ದು ಚಾಲು, ಸಾಕು. ಮುಂದಿನ ಬೆಳೆಗೆ ತೋಟಕ್ಕೆ ಒಂದು ಕೈ ಆಗುತ್ತೆ."

ಅಪ್ಪ ಸಾರು ಸುರಿದುಕೊಂಡ. ಚಿಕ್ಕಪ್ಪ ನನ್ನನ್ನು ನೋಡಿ ತಟ್ಟೆ ನೋಡಿದ. ನಾನು ಅಮ್ಮನ ಕಡೆ ನೋಡಿದೆ. ಅವಳು ಎಲ್ಲರಿಗೂ ಬಡಿಸಿ ಮುಗಿಸಿ, ತನ್ನ ಪಾಲಿನ ಊಟ ಮಾಡಿ, ಒಲೆ ಸಾರಿಸಿ, ಆಮೇಲೆ ಹಿತ್ತಲಿಗೆ ಬಂದು ಚಿಕ್ಕಪ್ಪನನ್ನು ಒಂದು ಬಿಳಿ ಹಾಳೆ ಕೇಳಿದಳು.

"ಯಾರಿಗೆ ಅತ್ತಿಗೆ?"

"ಅತ್ತೆಗೆ."

ಚಿಕ್ಕಪ್ಪ ನಕ್ಕ. ಅವಳು ನಗಲಿಲ್ಲ. ಅವನ ನಗು ಅಲ್ಲೇ ಇಂಗಿಹೋಯಿತು.

"ಅವ್ವಂಗೆ ಓದಕ್ಕೆ ಬರಲ್ಲ."

"ನೀನು ಓದು. ತೆಲುಗಲ್ಲಿ ಹೇಳು. ಬಾಯಲ್ಲಿ ಕೇಳಿದ್ರೆ ನನಗೆ ಅರ್ಧಕ್ಕೆ ಮಾತು ನಿಂತೋಗುತ್ತೆ ರಮಣ. ಕಾಗದದ ಮೇಲಾದ್ರೆ ನಿಲ್ಲಲ್ಲ."

ಮಾರನೇ ಬೆಳಿಗ್ಗೆ ಅವ್ವ ಎಲೆಯ ನಾರು ಬಿಡಿಸುತ್ತ ಜಗಲಿಯಲ್ಲಿ ಕೂತಿದ್ದಾಗ ಅಮ್ಮ ಸೆರಗು ಹೊದ್ದುಕೊಂಡು ಹೋಗಿ, ಎರಡು ಕೈಯಿಂದಲೂ ಹಾಳೆ ಚಾಚಿದಳು. ಅವ್ವ ಅದನ್ನು ಮುಟ್ಟದೆ ಅಮ್ಮನ ಮುಖ ನೋಡಿದಳು. ಅದೇ ನೋಟ. ಅಮ್ಮ ಕದಲಲಿಲ್ಲ.

"ಏಮಿದಿ?"

"ಅರ್ಜಿ ಅತ್ತೆ."

"ಯಾರಿಗೆ?"

"ನಿಮಗೆ."

ಚಿಕ್ಕಪ್ಪ ಮುಂದೆ ಬಂದು ಹಾಳೆ ತೆಗೆದುಕೊಂಡ. ಅಪ್ಪ ಎತ್ತಿನ ಹಗ್ಗ ಕೈಯಲ್ಲಿ ಹಿಡಿದವನು ಹಾಗೇ ನಿಂತ. ಚಿಕ್ಕಪ್ಪ ಮೊದಲು ಕನ್ನಡದಲ್ಲಿ ಒಂದು ಸಾಲು ಓದುವುದು, ಆಮೇಲೆ ಅದನ್ನು ತೆಲುಗಿಗೆ ತಿರುಗಿಸುವುದು, ಹೀಗೆ ಶುರುಮಾಡಿದ. ಮನೆಯ ಯಜಮಾನಿಯವರ ಸನ್ನಿಧಾನಕ್ಕೆ, ಹಿರಿಯ ಸೊಸೆ ರತ್ನಮ್ಮ ಮಾಡುವ ವಿಜ್ಞಾಪನೆ. ವಿಷಯ: ಮಗಳು ಪದ್ಮಳ ಓದು ಮುಂದುವರಿಸುವ ಬಗ್ಗೆ. 'ಮಾನ್ಯರೇ' ಎನ್ನುವುದನ್ನು ತೆಲುಗಿನಲ್ಲಿ ಅವನು ಏನೆಂದು ಹೇಳಿದನೋ, ಅವ್ವ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಳು. ಮುಂದೆ ಅಮ್ಮ ಬರೆದಿದ್ದಳು: ನಾನು ಏಳನೇ ತರಗತಿಯಲ್ಲಿ ನಮ್ಮ ಶಾಲೆಗೆ ಮೊದಲಿಗಳಾಗಿದ್ದೆನು. ಮುಂದೆ ಓದಲಿಲ್ಲ. ಅದಕ್ಕೆ ಯಾರನ್ನೂ ದೂರುತ್ತಿಲ್ಲ. ಆದರೆ ಈ ಮನೆಗೆ ಬಂದ ಮೇಲೆ ಊರಿನ ಅರ್ಜಿ ಬರೆದಾಗ ನನಗೆ ಆ ದಿನಗಳು ನೆನಪಾಗಿ ಸಂತೋಷವೂ ದುಃಖವೂ ಆಯಿತು. ನನ್ನ ಮಗಳಿಗೆ ಆ ದುಃಖ ಬೇಡವೆಂದು ಬೇಡಿಕೊಳ್ಳುತ್ತೇನೆ. ಇಲ್ಲಿಗೆ ಬಂದಾಗ ಚಿಕ್ಕಪ್ಪ ಹಾಳೆಯಿಂದ ತಲೆ ಎತ್ತಿ ಅಮ್ಮನನ್ನು ನೋಡಿದ. ಅವನು ತೆಲುಗಿಗೆ ತಿರುಗಿಸದೆ ನಿಂತ. ಅವ್ವ, ಚೆಪ್ಪರಾ ಎಂದಳು. ಹೇಳಿದ. ಅಮ್ಮ ಹದಿನಾಲ್ಕು ವರ್ಷ ಬಾಯಿಬಿಟ್ಟು ಹೇಳದಿದ್ದ ಮಾತನ್ನು ಅವಳ ಮೈದುನ ಬೇರೆ ಭಾಷೆಯಲ್ಲಿ ಜಗಲಿಯ ಮೇಲೆ ನಿಂತು ಹೇಳುತ್ತಿದ್ದ. ಕಡೆಗೆ ಕೊನೆಯ ಸಾಲು ಓದಿದ: ಆದ್ದರಿಂದ ತಾವು, ಕೈಂಡ್ಲಿ ಡೂ ದಿ ನೀಡ್‌ಫುಲ್.

ಆ ಒಂದು ಮಾತು ಅವ್ವನಿಗೆ ಗುರುತು ಸಿಕ್ಕಿತು.

"ನೀಡುಫುಲ್ಲು. ಅವರ ಊರಿನ ಮಾತು. ಅದರ ಅರ್ಥ ಏಮಿ ಸರಿಯಾಗಿ?"

"ಏನಾಗ್ಬೇಕೋ ಅದನ್ನ ನೀವೇ ಯೋಚ್ನೆ ಮಾಡಿ, ನಿಮಗೆ ಸರಿ ಕಂಡಂಗೆ ಮಾಡಿ, ಅಂತವ್ವ."

"ನನಗೆ ಸರಿ ಕಂಡಂಗೆ?"

"ಹೂಂ."

ಅವ್ವ ಕೈ ಚಾಚಿದಳು. ಹಾಳೆಯನ್ನು ಮಡಿಸಿ, ಎಲೆಅಡಿಕೆ ಚೀಲಕ್ಕೆ ಹಾಕಿ, ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಗಲಿ ಎನ್ನಲಿಲ್ಲ, ಆಗದು ಎನ್ನಲಿಲ್ಲ. ಅವಳ ಮುಖದಲ್ಲಿ ಕೋಪವೂ ಇರಲಿಲ್ಲ. ಇಡೀ ಬದುಕಿನಲ್ಲಿ ಒಬ್ಬರೂ ಅವಳಿಗೆ ಕಾಗದ ಬರೆದಿರಲಿಲ್ಲ ಎಂದು ನನಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ.

ಕೆಲವು ದಿನ ಹೀಗೇ ಕಳೆಯಿತು. ಆಮೇಲೆ ಒಂದು ಬೆಳಿಗ್ಗೆ ಅವ್ವ ಒಗೆದ ಸೀರೆ ಉಟ್ಟು, ಯಾರಿಗೂ ಏನೂ ಹೇಳದೆ ಆಲದ ಮರದ ಹತ್ತಿರ ಹೋಗಿ ಬಸ್ಸು ಹತ್ತಿದಳು. ಆ ಬಸ್ಸು ಬಂದಾಗಿನಿಂದ ಅವಳು ಅದಕ್ಕೆ ಕಾಲಿಟ್ಟವಳಲ್ಲ. ಶ್ರೀನಿವಾಸಪುರದಲ್ಲಿ ಇಳಿದು, ಕೇಳಿಕೊಂಡು ಹೈಸ್ಕೂಲಿನವರೆಗೆ ನಡೆದು, ಗೇಟಿನ ಹೊರಗೆ ನಿಂತು ಒಳಗಿನ ಹೆಣ್ಣುಮಕ್ಕಳನ್ನು ನೋಡಿದಳಂತೆ. ಅಲ್ಲಿ ಕಡಲೆಕಾಯಿ ಮಾರುತ್ತಿದ್ದ ಹೆಂಗಸಿನ ಪಕ್ಕ ಕೂತು ಶಾಲೆ ಬಿಡುವವರೆಗೂ ಕಾದಳಂತೆ. ಸಂಜೆ ವಾಪಸು ಬರುವಾಗ ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಂತಿತು. ಗಂಡಸರೆಲ್ಲ ಇಳಿದು ಬೀಡಿ ಹಚ್ಚಿದರು. ಅವ್ವ ಕಾಯಲಿಲ್ಲ. ತೋಪುಗಳ ಮಧ್ಯದ ದಾರಿಯಲ್ಲಿ ನಡೆದು, ಮುಸ್ಸಂಜೆಗೆ ಧೂಳು ಕಾಲಿನಲ್ಲಿ ಮನೆಗೆ ಬಂದಳು. ಅಪ್ಪ ಎದುರು ಹೋಗಿ ಚಪ್ಪಲಿ ತೆಗೆದುಕೊಂಡ. ಅಮ್ಮ ಬಿಸಿನೀರು ಕಾಯಿಸಿ ಕಾಲಿಗೆ ಹೊಯ್ದಳು. ಸ್ಕೂಲು ನೋಡಿ ಬಂದೆ ಎಂದಷ್ಟೇ ಹೇಳಿ ಅವ್ವ ಮಲಗಿದಳು. ಅಮ್ಮನಿಗೆ ಮಾತ್ರ ಅಷ್ಟರಲ್ಲೇ ಜೀವ ಬಂದಿತ್ತು. ಮಲಗುವ ಮುಂಚೆ ನನ್ನ ಕಿವಿಯಲ್ಲಿ, ನೋಡಿ ಬಂದಿದ್ದಾರೆ ಕಣೇ, ನೋಡಿ ಬಂದಿದ್ದಾರೆ ಎಂದಳು. ಬೆಳಿಗ್ಗೆ ಬಸ್ಸಿನಲ್ಲಿ ಹೋಗುವುದು, ಡಬ್ಬಿಗೆ ಉಪ್ಪಿಟ್ಟು, ಸಂಜೆ ಬಸ್ಸಿನಿಂದ ಇಳಿದವಳನ್ನು ತಾನೇ ಆಲದ ಮರದ ಹತ್ತಿರ ಬಂದು ಕರೆದುಕೊಂಡು ಬರುವುದು, ದೀಪ ಹಚ್ಚಿದ ಮೇಲೆ ಪಾಠ ಓದಿಸಿ ತಾನೂ ಕಲಿಯುವುದು. ಎಲ್ಲವನ್ನೂ ಅವಳು ಆ ಹೊತ್ತಿಗೆ ಮನಸ್ಸಿನಲ್ಲೇ ನಡೆಸಿಬಿಟ್ಟಿದ್ದಳು.

ಮಾರನೇ ದಿನ ಅವ್ವ ಎಲ್ಲರನ್ನೂ ಪಡಸಾಲೆಗೆ ಕರೆದಳು. ತಾನು ಮಂಚದ ಮೇಲೆ ಕೂತು ಸೊಂಟದ ಚೀಲದಿಂದ ಹಾಳೆ ತೆಗೆದು ತೊಡೆಯ ಮೇಲೆ ಹರಡಿಕೊಂಡಳು. ಓದಲು ಬಾರದಿದ್ದರೂ ಅದರ ಮೇಲೆ ಅಂಗೈ ಇಟ್ಟುಕೊಂಡೇ ಮಾತಾಡಿದಳು.

"ಪಿಲ್ಲ ಓದಲಿ."

ಅಮ್ಮನ ಕೈ ನನ್ನ ಭುಜ ಹಿಡಿಯಿತು.

"ಆದ್ರೆ ಇಲ್ಲಿಂದ ಅಲ್ಲ. ದೇವರಾಯಸಮುದ್ರದಲ್ಲಿ ನಮ್ಮ ಚೆಲ್ಲೆಲು, ನನ್ನ ತಂಗಿ, ಇದಾಳಲ್ಲ, ಅವಳ ಮನೇಲಿ ಇರ್ಲಿ. ಆ ಊರಲ್ಲೇ ಹೈಸ್ಕೂಲು ಇದೆ. ಹೇಳಿ ಕಳಿಸ್ತೀನಿ, ಒಪ್ಕೋತಾಳೆ."

ದೇವರಾಯಸಮುದ್ರ ಮುಳಬಾಗಿಲಿನ ಆ ಕಡೆ, ನನಗೆ ಆಗ ಬೇರೆ ದೇಶ. ಅಮ್ಮ ಮೊದಲ ಸಲ, ಯಾರ ಮೂಲಕವೂ ಅಲ್ಲದೆ, ಎದುರಿಗೇ ಮಾತಾಡಿದಳು.

"ಅತ್ತೆ, ನಾನು ಕೇಳಿದ್ದು ಹಂಗಲ್ಲ. ದಿನಾ ಹೋಗಿ ಸಾಯಂಕಾಲ ಮನೆಗೆ ಬರ್ಲಿ ಅಂತ..."

"ಹಂಗೆ ಬರ್ದಿದೀಯಾ?" ಅವ್ವ ಹಾಳೆಯನ್ನು ಚಿಕ್ಕಪ್ಪನ ಕಡೆ ಹಿಡಿದಳು. "ನೋಡರಾ, ಬರ್ದಿದಾಳಾ?"

ಚಿಕ್ಕಪ್ಪ ನೋಡಿದ. ಇಲ್ಲವ್ವ ಎಂದ. ಅಷ್ಟು ಸಣ್ಣ ದನಿಯಲ್ಲಿ ಅವನು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ನನಗೆ ಸರಿ ಕಂಡಂಗೆ ಮಾಡಿ ಅಂದೆ. ನೋಡಿ ಬಂದೆ. ಬಸ್ಸು ಕೆಟ್ರೆ ಆ ತೋಪಿನ ದಾರೀಲಿ ಕೂಸು ಒಂಟಿ ಬರ್ಬೇಕಾ? ಅದು ಬಿಡು. ಇವಳು ಇಲ್ಲೇ ಇದ್ರೆ ಟೊಮ್ಯಾಟೊ ಕೀಳೋ ದಿನ ಒಂದಿನ ಇರು ಅಂತೀನಿ. ಮಾವು ಇಳಿಸೋವಾಗ ಎರಡು ದಿನ ಇರು ಅಂತೀನಿ. ಆಮೇಲೆ ಯಾಕೆ ಹೋಗ್ತೀಯ ಅಂತೀನಿ. ಅನ್ನೋಳು ನಾನೇ. ನನ್ನ ಬುದ್ಧಿ ನನಗೊತ್ತು. ಇವಳು ಓದ್ಬೇಕು ಅಂದ್ರೆ ನನ್ನ ಕಣ್ಣಿಂದ ದೂರ ಇರ್ಬೇಕು."

ತನ್ನ ಬಗ್ಗೆ ಅಷ್ಟು ನಿಷ್ಠುರವಾಗಿ ತೀರ್ಪು ಕೊಟ್ಟುಕೊಂಡ ಇನ್ನೊಬ್ಬರನ್ನು ನಾನು ಈ ವಯಸ್ಸಿನವರೆಗೂ ಕಂಡಿಲ್ಲ. ಅವ್ವ ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ ಎಂಬುದೇ ಕಷ್ಟ. ಕೆಟ್ಟವಳಾಗಿದ್ದರೆ ಸಿಟ್ಟು ಮಾಡಿಕೊಳ್ಳಬಹುದಿತ್ತು. ಸಂಜೆ ಚಿಕ್ಕಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು, ಇನ್ನೊಂದು ಅರ್ಜಿ ಬರೀರಿ ಅತ್ತಿಗೆ, ಈ ಸಲ ಬಿಡಿಸಿ ಬರೆಯೋಣ ಎಂದ. ಅಮ್ಮ ಒಲೆಗೆ ಸೌದೆ ತಳ್ಳುತ್ತ, ಬೇಡ ರಮಣ, ಅವರು ಹೇಳಿದ್ದು ಸರಿಯಾಗೇ ಇದೆ ಎಂದಳು. ಹೊಗೆಯೇನೂ ಇರಲಿಲ್ಲ. ಆದರೂ ಕಣ್ಣು ಒರೆಸಿಕೊಂಡಳು.

ಶಾಲೆ ಶುರುವಾಗುವ ಹೊತ್ತಿಗೆ ಅಪ್ಪ ನನ್ನನ್ನು ದೇವರಾಯಸಮುದ್ರಕ್ಕೆ ಬಿಟ್ಟು ಬಂದ. ಅವ್ವನ ತಂಗಿಯನ್ನು ನಾನು ಚಿನ್ನವ್ವ ಎನ್ನುತ್ತಿದ್ದೆ. ಒಳ್ಳೆಯವಳು, ಹೊಟ್ಟೆಗೆ ಕಡಿಮೆ ಮಾಡಿದವಳಲ್ಲ. ಒಂಟಿ ಜೀವ, ನಾನು ಬಂದದ್ದು ಅವಳಿಗೆ ಹಬ್ಬವೇ ಆಗಿತ್ತು. ಆದರೆ ಆ ಮನೆಯಲ್ಲಿ ಏನು ಬೇಕಾದರೂ ಬಾಯಿಬಿಟ್ಟು ಕೇಳಬಹುದಿತ್ತು, ಮತ್ತು ಅದು ನನಗೆ ಬರುತ್ತಿರಲಿಲ್ಲ. ಹಸಿವಾದರೆ, ಚಿನ್ನವ್ವಾ, ಹಸಿವಂತೆ ಎನ್ನುತ್ತಿದ್ದೆ. ಯಾರಿಗೇ ಎಂದು ಅವಳು ಸುತ್ತ ನೋಡಿ ನಗುತ್ತಿದ್ದಳು. ಸಂಜೆ ಶಾಲೆ ಬಿಟ್ಟ ಮೇಲೆ ಕೆರೆಯ ಏರಿ ಮೇಲೆ ಕೂರುತ್ತಿದ್ದೆ. ದೊಡ್ಡ ಕೆರೆ. ನೀರಿರುವಾಗ ಆಚೆ ದಡ ಮಸುಕು ಮಸುಕು. ಈ ಹೊತ್ತಿಗೆ ಅಮ್ಮ ವಾಡೆಯಿಂದ ರಾಗಿಹಿಟ್ಟು ತೆಗೆಯುತ್ತಿರುತ್ತಾಳೆ, ಈಗ ಅಪ್ಪ ಎತ್ತು ಕಟ್ಟುತ್ತಿರುತ್ತಾನೆ, ಈಗ ಅವ್ವ ದೀಪದ ಬತ್ತಿ ಹೊಸೆಯುತ್ತಾಳೆ ಎಂದು ಮನೆಯನ್ನು ಬಾಗಿಲಿನಿಂದ ಹಿತ್ತಲಿನವರೆಗೆ ಮನಸ್ಸಿನಲ್ಲೇ ನಡೆದು ಬರುತ್ತಿದ್ದೆ. ಅಲ್ಲಿದ್ದಾಗ ಕಣ್ಣಿಗೆ ಬೀಳದಿದ್ದದ್ದೆಲ್ಲ ಇಲ್ಲಿಂದ ಕಾಣುತ್ತಿತ್ತು: ಬಾಗಿಲ ತೋಳಿನ ಮೇಲೆ ಚಿಕ್ಕಪ್ಪ ಸಿಕ್ಕಿಸಿಡುತ್ತಿದ್ದ ಬಾಚಣಿಗೆ, ಬಚ್ಚಲ ಗೋಡೆಯ ಬಿರುಕಿನಲ್ಲಿ ಬೆಳೆದ ತುಂಬೆ ಗಿಡ, ಅಮ್ಮ ಹಿಟ್ಟು ಜರಡಿ ಆಡಿಸುವಾಗ ಒಂದು ಭುಜ ಮಾತ್ರ ಕುಣಿಯುವುದು. ನಾನು ಮನೆಯನ್ನು ಕಲಿತದ್ದು ಮನೆಯಿಂದ ದೂರ ಕೂತು.

ಓದಿದೆ. ಮೇಷ್ಟರಾದೆ. ಮಾಲೂರಿನ ಶಾಲೆಯೊಂದರಲ್ಲಿ ಇಂಗ್ಲಿಷು ಕಲಿಸಿಯೇ ನಿವೃತ್ತಳಾದೆ. ಮಕ್ಕಳು ರಜೆಗೆ ಅರ್ಜಿ ಬರೆದುಕೊಂಡು ಬಂದು, ಕೊನೆಗೆ ತಪ್ಪದೆ ಆ ಸಾಲು ಬರೆದಿರುತ್ತಿದ್ದರು. ಯಾರು ಹೇಳಿಕೊಡುತ್ತಾರೋ, ಎಲ್ಲಿಂದ ಬರುತ್ತದೋ! ಅದು ಹಳೆಯ ಕಾಲದ ಇಂಗ್ಲಿಷು, ಈಗ ಯಾರೂ ಬರೆಯುವುದಿಲ್ಲ ಎಂದು ಜೊತೆಯ ಮೇಷ್ಟರುಗಳು ಕೆಂಪು ಗೆರೆ ಎಳೆಯುತ್ತಿದ್ದರು. ನಾನು ಗೆರೆ ಎಳೆಯುತ್ತಿರಲಿಲ್ಲ. ಬರೆದ ಮಗುವನ್ನು ಮೇಜಿನ ಹತ್ತಿರ ಕರೆದು, ನಿನಗೆ ಏನು ಬೇಕು, ಬಾಯಲ್ಲಿ ಹೇಳು ಎನ್ನುತ್ತಿದ್ದೆ. ಅಕ್ಕನ ಮದುವೆ ಮಿಸ್, ಎರಡು ದಿನ ರಜೆ ಬೇಕು. ಹಾಗಾದರೆ ಅದನ್ನೇ ಬರಿ. ಏನು ಬೇಕೋ ಪೂರ್ತಿ ಬರಿ, ಓದುವವರ ಯೋಚನೆಗೆ ಬಿಡಬೇಡ. ಮಕ್ಕಳಿಗೆ ನನ್ನ ಈ ಹಠ ವಿಚಿತ್ರವಾಗಿ ಕಾಣುತ್ತಿತ್ತು. ಅಮ್ಮ ತನ್ನ ಕೊನೆಯ ವರ್ಷಗಳನ್ನು ಮಾಲೂರಿನಲ್ಲಿ ನನ್ನ ಜೊತೆಯೇ ಕಳೆದಳು. ಒಂದು ದಿನ ನಾನು ತಿದ್ದುತ್ತಿದ್ದ ಹಾಳೆಯೊಂದನ್ನು ಕೈಗೆ ತೆಗೆದುಕೊಂಡು, ಕನ್ನಡಕ ಸರಿಮಾಡಿಕೊಂಡು, ಆ ಸಾಲನ್ನು ನಿಧಾನವಾಗಿ ಓದಿದಳು.

"ಇನ್ನೊಂದು ಸಾಲು ಸೇರಿಸಿದ್ರೆ ಆಗೋದು ಅಲ್ವೇನೇ? 'ದಿನಾ ಸಾಯಂಕಾಲ ಮನೆಗೆ ಬರುವಂತೆ'. ಅಷ್ಟೇ."

"ಬರೆದಿದ್ರೆ ನಾನು ಓದ್ತಿರ್ಲಿಲ್ಲಮ್ಮ."

"ಹೂಂ. ಓದ್ತಿರ್ಲಿಲ್ಲ," ಎಂದಳು. ಕನ್ನಡಕ ತೆಗೆದು, "ಆದ್ರೂ," ಎಂದಳು. ಹಾಳೆಯನ್ನು ವಾಪಸು ಕೊಟ್ಟಳು.

ಈಗ ಅವ್ವ ಇಲ್ಲ, ಅಪ್ಪ ಇಲ್ಲ, ಅಮ್ಮನೂ ಇಲ್ಲ. ಆ 'ಆದ್ರೂ' ಎನ್ನುವುದರ ಆಚೆ ಏನಿತ್ತು ಎಂದು ನಾನು ಯೋಚಿಸಿದಾಗಲೆಲ್ಲ ಮನಸ್ಸು ಹೋಗುವುದು ನಾನು ಮೊದಲ ಸಲ ರಜೆಗೆ ಊರಿಗೆ ಬಂದ ದಿನಕ್ಕೆ. ದಸರಾ ರಜೆ. ಅಪ್ಪ ಬಂದು ಕರೆದುಕೊಂಡು ಹೋದ. ದಾರಿಯುದ್ದಕ್ಕೂ ನಾನು ಅಮ್ಮನಿಗೆ ಹೇಳಬೇಕಾದ್ದನ್ನೆಲ್ಲ ಕೂಡಿಸಿಕೊಂಡಿದ್ದೆ. ಬಸ್ಸಿಳಿದರೆ ಅವಳು ಆಲದ ಮರದ ಕೆಳಗೆ ನಿಂತಿದ್ದಳು. ನನ್ನನ್ನು ಅಪ್ಪಿಕೊಂಡು, ಮುಖ ಸವರಿ, ಎಷ್ಟು ಉದ್ದ ಆಗಿದೀಯ ಎಂದಳು. ಅವಳ ಕೈಯಿಂದ ಹಸಿ ಎಲೆಯ ವಾಸನೆ ಬರುತ್ತಿತ್ತು. ಮನೆಗೆ ಹೋದ ಮೇಲೆ ಕಾರಣ ಗೊತ್ತಾಯಿತು. ನಾನು ಹೋದ ಮೇಲೆ ಅಮ್ಮ ಸರಿಯಾಗಿ ಉಣ್ಣುತ್ತಿರಲಿಲ್ಲವಂತೆ. ಯಾರೂ ಕೇಳದೆಯೇ ಅವ್ವ ಒಂದು ದಿನ ಬಾವಿಯ ಪಕ್ಕದ ತುಂಡು ಹೊಲ ತೋರಿಸಿ, ಇಲ್ಲಿ ಹಿಪ್ಪುನೇರಳೆ ಹಾಕು, ಗಿಡ ಬೆಳೆಯುವವರೆಗೆ ಯಾಕೆ ಕಾಯುತ್ತೀಯ, ಪಕ್ಕದ ಊರಿನಿಂದ ಸೊಪ್ಪು ತರಿಸಿಕೊಡುತ್ತೇನೆ, ನಿಮ್ಮೂರಿನ ರೇಷ್ಮೆಹುಳ ಇಲ್ಲೂ ಸಾಕಿಕೋ ಎಂದಳಂತೆ. ನಡುಮನೆಯಲ್ಲಿ ಬಿದಿರ ತಟ್ಟೆಗಳ ಅಟ್ಟ ಎದ್ದಿತ್ತು. ಅಮ್ಮ ಒಂದೊಂದು ತಟ್ಟೆ ಇಳಿಸಿ ನನಗೆ ಹುಳ ತೋರಿಸಿದಳು. ಈ ಮನೆಯಲ್ಲಿ ಅವಳಿಗೆ ಪೂರ್ತಿ ಗೊತ್ತಿರುವ ಕೆಲಸವೊಂದು ಕೊನೆಗೂ ಸಿಕ್ಕಿತ್ತು, ಅವಳ ದನಿಯೇ ಬೇರೆಯಾಗಿತ್ತು. ಅಟ್ಟ ಎದ್ದಿದ್ದು ನಾವಿಬ್ಬರೂ ಮಲಗುತ್ತಿದ್ದ ಮೂಲೆಯಲ್ಲಿ. ನೀನು ಪಡಸಾಲೆಯಲ್ಲಿ ಅವ್ವನ ಪಕ್ಕ ಮಲಗು, ಹುಳದ ಹತ್ತಿರ ಯಾರೂ ಮಲಗಬಾರದು ಎಂದಳು.

ಮಧ್ಯಾಹ್ನ ಊಟಕ್ಕೆ ಕೂತೆವು. ನನಗೆಂದು ಅಮ್ಮ ಹುರುಳಿ ಬಸ್ಸಾರು ಮಾಡಿದ್ದಳು. ಅವ್ವ ನನ್ನ ಎದುರಿಗೆ ಕೂತು, ಪರೀಕ್ಷೆಯಲ್ಲಿ ಎಷ್ಟನೆಯವಳು ಎಂದು ಕೇಳಿದಳು. ಹೇಳಿದೆ. ಅವಳು ತಲೆ ಆಡಿಸಿ ತನ್ನ ಮುದ್ದೆಯಲ್ಲಿ ತುಪ್ಪ ಬಿದ್ದ ಭಾಗವನ್ನು ಮುರಿದು ನನ್ನ ತಟ್ಟೆಗೆ ಹಾಕಿದಳು. ನಾನು ಚಿನ್ನವ್ವನ ಮನೆಯಲ್ಲಿ ರೂಢಿಯಾದಂತೆ ಚಿಕ್ಕ ಚಿಕ್ಕ ತುತ್ತು ಮಾಡಿ, ಕೇಳದೆ, ಬಡಿಸಿದ್ದಷ್ಟನ್ನು ಉಣ್ಣುತ್ತಿದ್ದೆ. ಅಮ್ಮ ಸೌಟು ಹಿಡಿದು ಬಂದು ನನ್ನ ಮುಂದೆ ಬಗ್ಗಿದಳು.

"ಸಂಕೋಚ ಮಾಡ್ಕೋಬೇಡ, ಹಾಕಿಸ್ಕೋ."

ಅದು ನೆಂಟರಿಗೆ ಹೇಳುವ ಮಾತು. ಅವಳ ಬಾಯಿಂದ ಬಿದ್ದ ಮೇಲೆ ಅವಳಿಗೂ ಕೇಳಿಸಿತು, ನನಗೂ ಕೇಳಿಸಿತು. ಸೌಟು ಹಿಡಿದವಳು ಹಾಗೇ ನಿಂತಳು. ಸಾರು ತೊಟ್ಟಿಕ್ಕಿ ನೆಲಕ್ಕೆ ಬಿತ್ತು. ಅವಳ ಮುಖ ನೋಡಲಾರದೆ ನಾನು ತಟ್ಟೆಯನ್ನು ಮುಂದಕ್ಕೆ ತಳ್ಳಿ, ಜೋರಾಗಿ, ಆ ಮನೆಯಲ್ಲಿ ಯಾವತ್ತೂ ಯಾರೂ ಕೇಳದಷ್ಟು ಜೋರಾಗಿ ಕೇಳಿದೆ.

"ಅಮ್ಮಾ, ಇನ್ನೊಂದು ಮುದ್ದೆ ಹಾಕು."

ಹೊಟ್ಟೆ ಆಗಲೇ ತುಂಬಿತ್ತು. ಅವಳು ಹಾಕಿದಳು. ಹಾಕಿ, ಅಲ್ಲೇ ನನ್ನ ಪಕ್ಕ ಕೂತಳು. ನಾನು ಕೊನೆಯ ತುತ್ತಿನವರೆಗೂ ಉಂಡೆ.